ಮಂಡಿಗೆ ಹಾಕಿಸಿದ ಇಂಜೆಕ್ಷನ್ ಒಳಗೆ ಎಷ್ಟು ಹೊತ್ತು ಉಳಿಯುತ್ತೆ? ಔಷಧವನ್ನು ಕೀಲಿನಲ್ಲೇ ನಿಲ್ಲಿಸಲು ನಮ್ಮೂರಲ್ಲೇ ನಡೆದಿದೆ ಪ್ರಯತ್ನ

ಬೆಂಗಳೂರು ದಕ್ಷಿಣ: ಜಯನಗರ 4ನೇ ಬ್ಲಾಕ್‌ನ ಬಟ್ಟೆ ಅಂಗಡಿ ಇರಲಿ, ಬನಶಂಕರಿ ದೇವಸ್ಥಾನದ ಮುಂದಿನ ಹೂವಿನ ವ್ಯಾಪಾರ ಇರಲಿ, ಬಿಟಿಎಂ ಲೇಔಟ್‌ನ ದರ್ಶಿನಿ ಇರಲಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತು ಕೆಲಸ ಮಾಡುವವರಿಗೆ ಮಂಡಿ ನೋವು ಹೊಸದೇನಲ್ಲ. ಮೊದಲು ಎಣ್ಣೆ, ಆಮೇಲೆ ಮಾತ್ರೆ, ಆಮೇಲೆ ಮಂಡಿ ಪಟ್ಟಿ. ಅದರಲ್ಲೂ ಸರಿಹೋಗದಿದ್ದರೆ ಒಂದು ದಿನ ಡಾಕ್ಟರ್ ಹೇಳ್ತಾರೆ: 'ಒಂದು ಇಂಜೆಕ್ಷನ್ ಹಾಕಿ ನೋಡೋಣ.'

ಹಾಕಿಸಿಕೊಂಡವರ ಅನುಭವ ಒಂದೇ ಥರ ಇರಲ್ಲ. ಒಬ್ಬರಿಗೆ ಎರಡು ತಿಂಗಳು ಆರಾಮ, ಇನ್ನೊಬ್ಬರಿಗೆ ಎರಡು ವಾರ, ಮತ್ತೊಬ್ಬರಿಗೆ ಏನೂ ವ್ಯತ್ಯಾಸವಿಲ್ಲ. ಸಾವಿರಾರು ರೂಪಾಯಿ ಖರ್ಚು ಮಾಡಿದ ಮೇಲೆ 'ನನಗ್ಯಾಕೆ ಹಿಡೀಲಿಲ್ಲ?' ಅನ್ನೋ ಪ್ರಶ್ನೆ ಬರೋದು ಸಹಜ. ಎಲ್ಲರೂ ಕೇಳೋದು 'ಯಾವ ಔಷಧ ಒಳ್ಳೇದು' ಅಂತ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ: ಚುಚ್ಚಿದ ಔಷಧ ಕೀಲಿನೊಳಗೆ ಎಷ್ಟು ಹೊತ್ತು ಉಳಿಯುತ್ತೆ?

ಈ ಪ್ರಶ್ನೆಯ ಮೇಲೆ ಪ್ರಪಂಚದ ಹಲವು ಕಡೆ ಸಂಶೋಧನೆ ನಡೀತಿದೆ. ಅದರಲ್ಲಿ ಒಂದು ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು, ಅಂದ್ರೆ ಹಳಬರ ಬಾಯಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್'. ಅಲ್ಲಿ ಏನಾಗಿದೆ, ಅದು ನಮಗೆ ಯಾವಾಗ ಸಿಗಬಹುದು, ಅಲ್ಲಿಯವರೆಗೆ ಏನು ಮಾಡಬೇಕು ಅನ್ನೋದನ್ನು ಇಲ್ಲಿ ನೋಡೋಣ.

ಮಂಡಿಯಲ್ಲಿ ಸವೆಯೋದು ಏನು?

ತೊಡೆಯ ಮೂಳೆ ಮತ್ತು ಮೊಣಕಾಲ ಕೆಳಗಿನ ಮೂಳೆ ಸೇರುವ ಜಾಗದಲ್ಲಿ, ಎರಡೂ ಮೂಳೆಗಳ ತುದಿಗೆ ನುಣುಪಾದ ಒಂದು ಹೊದಿಕೆ ಇರುತ್ತೆ. ಅದೇ ಕಾರ್ಟಿಲೇಜ್. ಮನುಷ್ಯರ ಮಂಡಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ಇಡೀ ಕೀಲನ್ನು ಒಂದು ಚೀಲದಂಥ ಪೊರೆ ಸುತ್ತಿಕೊಂಡಿರುತ್ತೆ. ಚೀಲದೊಳಗೆ ಲೋಳೆಯಂಥ ಸ್ವಲ್ಪ ದ್ರವ ಇರುತ್ತೆ. ಆರೋಗ್ಯವಂತರ ಮಂಡಿಯಲ್ಲಿ ಅದು ಒಂದು ಟೀ ಚಮಚದಷ್ಟೂ ಇರುವುದಿಲ್ಲ.

ವಯಸ್ಸು, ಮೈತೂಕ, ಹಳೇ ಪೆಟ್ಟು, ಮನೆತನದ ಗುಣ ಹೀಗೆ ಬೇರೆ ಬೇರೆ ಕಾರಣದಿಂದ ಈ ಕಾರ್ಟಿಲೇಜ್ ಹಾಳಾಗುತ್ತಾ ಹೋಗುತ್ತೆ. ಪೊರೆ ಊದಿಕೊಳ್ಳುತ್ತೆ, ಮೂಳೆಯ ಅಂಚು ಬೆಳೆಯುತ್ತೆ, ನೋವು ಬರುತ್ತೆ. ಇದನ್ನೇ ಆಸ್ಟಿಯೋಆರ್ಥ್ರೈಟಿಸ್ ಅಂತಾರೆ. ನಮ್ಮ ಮಾತಿನಲ್ಲಿ ಮಂಡಿ ಸವೆತ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಕೈಗೆ ಗಾಯವಾದರೆ ರಕ್ತ ಹರಿದು ಬಂದು ವಾಸಿ ಮಾಡುತ್ತೆ. ಕಾರ್ಟಿಲೇಜ್‌ಗೆ ಆ ಅನುಕೂಲ ಇಲ್ಲ. ಅದಕ್ಕೇ ಅದು ತಾನಾಗಿ ರಿಪೇರಿ ಆಗೋದು ಬಹಳ ಕಷ್ಟ. ನುಂಗಿದ ಮಾತ್ರೆ ಕೂಡ ರಕ್ತದ ಮೂಲಕವೇ ಹೋಗಬೇಕು. ಮೈಯೆಲ್ಲಾ ಸುತ್ತಿ, ಕೀಲಿನ ಪೊರೆ ದಾಟಿ, ಕೊನೆಗೆ ಕಾರ್ಟಿಲೇಜ್‌ಗೆ ಮುಟ್ಟುವುದು ಅದರಲ್ಲಿ ಸ್ವಲ್ಪ ಮಾತ್ರ. ಅಷ್ಟರಲ್ಲಿ ಹೊಟ್ಟೆ, ಕಿಡ್ನಿಗೆ ಅದರ ಬಿಸಿ ತಟ್ಟಿರುತ್ತೆ. ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಡಿ ಅಂತ ಡಾಕ್ಟರ್‌ಗಳು ಹೇಳೋದು ಅದಕ್ಕೇ.

ನೇರ ಕೀಲಿಗೇ ಚುಚ್ಚಿದರೆ?

ಔಷಧವನ್ನು ನೇರವಾಗಿ ನೋವಿರುವ ಜಾಗಕ್ಕೇ ಕೊಡೋದು ಬುದ್ಧಿವಂತಿಕೆಯ ದಾರಿ. ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಜೋಸೆಫ್ ಹಾಲಂಡರ್ ಕೀಲಿಗೆ ಹೈಡ್ರೋಕಾರ್ಟಿಸೋನ್ ಚುಚ್ಚಿ ಅದರ ಫಲಿತಾಂಶ ಪ್ರಕಟಿಸಿದ್ದು 1951ರಲ್ಲಿ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ಗಳೆಲ್ಲ ಅದೇ ದಾರಿಯವು.

ಆದರೆ ಕೀಲು ಮುಚ್ಚಿದ ಡಬ್ಬಿಯಲ್ಲ. ಅದರ ಪೊರೆಯ ತುಂಬ ಸಣ್ಣ ಸಣ್ಣ ರಕ್ತನಾಳಗಳು, ದುಗ್ಧನಾಳಗಳು ಇವೆ. ಹೊರಗಿನಿಂದ ಏನೇ ಬಂದರೂ ಅವು ಎಳೆದುಕೊಂಡು ಆಚೆ ಸಾಗಿಸುತ್ತವೆ. ಸಣ್ಣ ಗಾತ್ರದ ಔಷಧದ ಅಣುಗಳು ಕೆಲವೇ ಗಂಟೆಗಳಲ್ಲಿ ಕೀಲಿನಿಂದ ರಕ್ತಕ್ಕೆ ಸೋರಿಹೋಗುತ್ತವೆ. ದೊಡ್ಡ ಅಣುಗಳಾದರೆ ಇನ್ನೂ ಸ್ವಲ್ಪ ಹೊತ್ತು. ಒಟ್ಟಿನಲ್ಲಿ ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ನೀರು ಒಳ್ಳೇದೇ, ಕೊಡದಲ್ಲಿ ನಿಲ್ಲಬೇಕಲ್ಲ?

'ಹಾಗಾದ್ರೆ ಜಾಸ್ತಿ ಡೋಸ್ ಹಾಕಿದರಾಯ್ತು' ಅನ್ನಬಹುದು. ಜಾಸ್ತಿ ಹಾಕಿದರೆ ಮೊದಲ ದಿನ ಬೇಕಾದ್ದಕ್ಕಿಂತ ಹೆಚ್ಚು, ಆಮೇಲೆ ಏನೂ ಇಲ್ಲ. ಆ ಹೆಚ್ಚಿನ ಔಷಧವೆಲ್ಲ ರಕ್ತಕ್ಕೆ ಸೇರುತ್ತೆ. ವಾರಕ್ಕೊಮ್ಮೆ ಚುಚ್ಚೋಣ ಅಂದರೆ, ಪ್ರತಿ ಸಲ ಸೂಜಿ ಒಳಗೆ ಹೋದಾಗಲೂ ಸೋಂಕಿನ ಭಯ ಇದ್ದೇ ಇದೆ. ಅಪರೂಪವಾದರೂ ಕೀಲಿನೊಳಗೆ ಕೀವು ಆದರೆ ಅದು ದೊಡ್ಡ ತೊಂದರೆ.

ಸ್ಟೀರಾಯ್ಡ್ ತಯಾರಕರು ಇದಕ್ಕೆ ಒಂದು ಹಳೇ ಉಪಾಯ ಕಂಡುಕೊಂಡಿದ್ದಾರೆ. ಟ್ರಯಾಮ್ಸಿನೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್ ಮುಂತಾದವನ್ನು ನೀರಿನಲ್ಲಿ ಬೇಗ ಕರಗದ ಸಣ್ಣ ಹರಳಿನ ರೂಪದಲ್ಲಿ ಕೊಡ್ತಾರೆ. ಬಾಟಲಿ ಅಲುಗಾಡಿಸಿದಾಗ ಹಾಲಿನಂತೆ ಬೆಳ್ಳಗೆ ಕಾಣುವುದು ಈ ಹರಳುಗಳಿಂದಲೇ. ಸಕ್ಕರೆಗೂ ಕಲ್ಲುಸಕ್ಕರೆಗೂ ಇರುವ ವ್ಯತ್ಯಾಸ ಇದು. ಬಾಯಿಗೆ ಹಾಕಿದ ಸಕ್ಕರೆ ಆಗಲೇ ಮಾಯ, ಕಲ್ಲುಸಕ್ಕರೆ ನಿಧಾನ. ಹರಳಿದ್ದರೂ ನೋವಿಗೆ ಆರಾಮ ಸಿಗೋದು ಸಾಮಾನ್ಯವಾಗಿ ಕೆಲವು ವಾರ ಮಾತ್ರ.

ಪದೇ ಪದೇ ಸ್ಟೀರಾಯ್ಡ್ ಹಾಕಿಸಿದರೆ?

ಇದಕ್ಕೆ ಉತ್ತರ ಕೊಡುವ ಒಂದು ಮುಖ್ಯ ಅಧ್ಯಯನ 2017ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಬಂತು. ಮಂಡಿ ಸವೆತ ಇದ್ದ 140 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 12 ವಾರಕ್ಕೊಮ್ಮೆ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್, ಇನ್ನೊಂದಕ್ಕೆ ಬರೀ ಉಪ್ಪುನೀರು. ಹೀಗೆ ಎರಡು ವರ್ಷ. ಕೊನೆಯಲ್ಲಿ ನೋಡಿದರೆ ನೋವಿನಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಸ್ಟೀರಾಯ್ಡ್ ತೆಗೆದುಕೊಂಡವರ ಕಾರ್ಟಿಲೇಜ್ ಸರಾಸರಿ 0.21 ಮಿಲಿಮೀಟರ್ ತೆಳುವಾಗಿತ್ತು. ಉಪ್ಪುನೀರಿನವರದು 0.10 ಮಿಲಿಮೀಟರ್.

ಇದರರ್ಥ ಸ್ಟೀರಾಯ್ಡ್ ಇಂಜೆಕ್ಷನ್ ವಿಷ ಅಂತಲ್ಲ. ಮಂಡಿ ಊದಿ ನಡೆಯಲಾಗದಿದ್ದಾಗ, ಮದುವೆ ಮುಂಜಿ ಮುಂದಿದ್ದಾಗ, ವ್ಯಾಯಾಮ ಶುರು ಮಾಡಲು ನೋವು ಬಿಡದಿದ್ದಾಗ ಒಂದು ಸಲದ ಇಂಜೆಕ್ಷನ್ ಉಪಯೋಗಕ್ಕೆ ಬರುತ್ತೆ. ಆದರೆ ಮೂರು ತಿಂಗಳಿಗೊಮ್ಮೆ ಅಂತ ಅಂಗಡಿ ಬಾಡಿಗೆ ಕಟ್ಟಿದ ಹಾಗೆ ಹಾಕಿಸುತ್ತಾ ಹೋಗೋದು ಒಳ್ಳೇದಲ್ಲ.

ಶುಗರ್ ಇರುವವರು ಇನ್ನೊಂದು ಮಾತು ನೆನಪಿಡಬೇಕು. ಮಂಡಿಗೆ ಹಾಕಿದ ಸ್ಟೀರಾಯ್ಡ್ ಅಲ್ಲಿಂದ ಸೋರಿ ರಕ್ತಕ್ಕೆ ಬರುವುದರಿಂದ ಕೆಲವು ದಿನ ಶುಗರ್ ಏರಬಹುದು. ಔಷಧ ಕೀಲಿನಲ್ಲೇ ನಿಲ್ಲುವುದು ಏಕೆ ಮುಖ್ಯ ಅನ್ನೋದಕ್ಕೆ ಇದೂ ಒಂದು ಉದಾಹರಣೆ.

ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ನಡೆದದ್ದು

ಈಗ ನಮ್ಮೂರಿನ ಕೆಲಸಕ್ಕೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಬಯೋಸಿಸ್ಟಮ್ಸ್ ಸೈನ್ಸ್ ಅಂಡ್ ಎಂಜಿನಿಯರಿಂಗ್ ಕೇಂದ್ರದ ರಚಿತ್ ಅಗರ್ವಾಲ್, ಸಂಶೋಧಕಿ ಕಾಮಿನಿ ಧನಬಾಲನ್ ಮತ್ತು ಅವರ ತಂಡ ಆರಿಸಿಕೊಂಡ ಔಷಧದ ಹೆಸರು ರಾಪಾಮೈಸಿನ್. ಇದು ಹೊಸ ಔಷಧವಲ್ಲ. ಪೆಸಿಫಿಕ್ ಸಾಗರದ ನಡುವೆ ಇರುವ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಆ ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ, ಔಷಧದ ಹೆಸರು ಬಂದದ್ದು ಅದರಿಂದಲೇ. ಕಿಡ್ನಿ ಕಸಿ ಮಾಡಿಸಿಕೊಂಡವರ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಇದನ್ನು ಕೊಡಲು ಅಮೆರಿಕ 1999ರಲ್ಲಿ ಒಪ್ಪಿಗೆ ಕೊಟ್ಟಿತು. ಹೃದಯದ ರಕ್ತನಾಳಕ್ಕೆ ಹಾಕುವ ಕೆಲವು ಸ್ಟೆಂಟ್‌ಗಳ ಮೇಲೂ ಇದೇ ಔಷಧದ ಲೇಪ ಇರುತ್ತಿತ್ತು.

ಮಂಡಿಗೂ ಇದಕ್ಕೂ ಏನು ಸಂಬಂಧ? ಕಾರ್ಟಿಲೇಜ್ ಒಳಗಿನ ಜೀವಕೋಶಗಳು ದಿನಾ ತಮ್ಮೊಳಗಿನ ಹಾಳಾದ ಭಾಗಗಳನ್ನು ತಾವೇ ಒಡೆದು, ಮತ್ತೆ ಬಳಸಿಕೊಳ್ಳುತ್ತವೆ. ಮನೆಯ ಕಸ ದಿನಾ ಆಚೆ ಹಾಕಿದ ಹಾಗೆ. ಸವೆತ ಬಂದ ಮಂಡಿಯಲ್ಲಿ ಈ ಕೆಲಸ ಕುಂಟುತ್ತೆ. ಕಸ ತುಂಬಿದ ಜೀವಕೋಶ ಸಾಯುವುದೂ ಇಲ್ಲ, ಸರಿಯಾಗಿ ಕೆಲಸ ಮಾಡುವುದೂ ಇಲ್ಲ, ಮುದಿಯಾಗಿ ಕೂತು ಅಕ್ಕಪಕ್ಕದ ಜೀವಕೋಶಗಳನ್ನೂ ಕೆಡಿಸುತ್ತೆ. ರಾಪಾಮೈಸಿನ್ ಈ ಕಸ ತೆಗೆಯುವ ಕೆಲಸವನ್ನು ಚುರುಕು ಮಾಡುತ್ತೆ, ಜೀವಕೋಶ ಬೇಗ ಮುದಿಯಾಗದಂತೆ ತಡೆಯುತ್ತೆ.

ಆದರೆ ಎರಡು ತೊಡಕು. ಮಾತ್ರೆಯಾಗಿ ಕೊಟ್ಟರೆ ಇಡೀ ದೇಹದ ರೋಗನಿರೋಧಕ ಶಕ್ತಿ ತಗ್ಗುತ್ತೆ. ಮಂಡಿ ನೋವಿಗೆ ಅಂತ ಆ ಅಪಾಯ ಯಾರೂ ತೆಗೆದುಕೊಳ್ಳಲ್ಲ. ನೇರ ಕೀಲಿಗೆ ಚುಚ್ಚಿದರೆ ಬೇಗ ಸೋರಿಹೋಗುತ್ತೆ.

ಅದಕ್ಕೆ ಈ ತಂಡ ರಾಪಾಮೈಸಿನ್ ಅನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳೊಳಗೆ ತುಂಬಿತು. ಉಂಡೆ ಮಾಡಿದ್ದು ಪಿಎಲ್‌ಜಿಎ ಅನ್ನೋ ಪಾಲಿಮರ್‌ನಿಂದ. ಇದೂ ಹೊಸ ವಸ್ತುವಲ್ಲ. ಇದೇ ಜಾತಿಯ ವಸ್ತುವಿನಿಂದ ಮಾಡಿದ, ಬಿಚ್ಚದೇ ತಾನಾಗಿ ಕರಗುವ ಹೊಲಿಗೆ ದಾರವನ್ನು ಆಪರೇಷನ್‌ಗಳಲ್ಲಿ ದಶಕಗಳಿಂದ ಬಳಸುತ್ತಿದ್ದಾರೆ. ದೇಹದೊಳಗಿನ ನೀರು ತಾಗಿದಂತೆಲ್ಲ ಪಿಎಲ್‌ಜಿಎ ನಿಧಾನವಾಗಿ ಒಡೆದು ಲ್ಯಾಕ್ಟಿಕ್ ಆಸಿಡ್ ಮತ್ತು ಗ್ಲೈಕೋಲಿಕ್ ಆಸಿಡ್ ಆಗುತ್ತೆ. ಎರಡನ್ನೂ ದೇಹ ಅರಗಿಸಿಕೊಂಡು ಹೊರಹಾಕುತ್ತೆ. ಉಂಡೆ ಕರಗಿದಂತೆ ಒಳಗಿನ ಔಷಧ ಸ್ವಲ್ಪ ಸ್ವಲ್ಪ ಆಚೆ ಬರುತ್ತೆ. ತೋಟಕ್ಕೆ ಒಂದೇ ಸಲ ಕೊಳವೆ ಬಿಡುವ ಬದಲು ಹನಿ ನೀರಾವರಿ ಹಾಕಿದ ಹಾಗೆ.

2020ರಲ್ಲಿ ಈ ತಂಡ ಪ್ರಕಟಿಸಿದ ಕೆಲಸದಲ್ಲಿ, ಒತ್ತಡಕ್ಕೆ ಸಿಕ್ಕಿಸಿದ ಕಾರ್ಟಿಲೇಜ್ ಜೀವಕೋಶಗಳನ್ನು ಈ ಉಂಡೆಗಳು ಕಾಪಾಡಿದ್ದು ಕಂಡುಬಂತು. ಇಲಿಗಳ ಮಂಡಿಗೆ ಒಂದೇ ಸಲ ಚುಚ್ಚಿದ ಉಂಡೆಗಳು ಸುಮಾರು 30 ದಿನ ಅಲ್ಲೇ ಉಳಿದವು. ಗಂಟೆಗಳ ಲೆಕ್ಕ ತಿಂಗಳಿಗೆ ಹೋಯ್ತು ಅನ್ನಿ. ಮುಂದೆ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೆಟ್ಟಿನಿಂದ ಮಂಡಿ ಸವೆತ ಬಂದ ಇಲಿಗಳಿಗೆ ಇದನ್ನೇ ಕೊಟ್ಟು ನೋಡಿದರು. ಪೆಟ್ಟಾದ ಸ್ವಲ್ಪ ದಿನಕ್ಕೆ ಕೊಟ್ಟಾಗಲೂ, ತಡವಾಗಿ ಕೊಟ್ಟಾಗಲೂ ಕಾರ್ಟಿಲೇಜ್ ಹಾನಿ ಕಡಿಮೆಯಾಗಿತ್ತು.

ತಡವಾಗಿ ಕೊಟ್ಟರೂ ಕೆಲಸ ಮಾಡಿತು ಅನ್ನೋದು ಮುಖ್ಯ. ಯಾಕಂದ್ರೆ ನಮ್ಮಲ್ಲಿ ಯಾರೂ ಸವೆತ ಶುರುವಾದ ದಿನವೇ ಡಾಕ್ಟರ್ ಹತ್ತಿರ ಹೋಗಲ್ಲ.

ನಿಂತರೆ ಸಾಲದು, ಒಳಗೆ ಇಳಿಯಬೇಕು

ಔಷಧ ಕೀಲಿನ ದ್ರವದಲ್ಲಿ ನಿಂತರೆ ಅರ್ಧ ಕೆಲಸ ಆಯ್ತು. ಉಳಿದರ್ಧ, ಅದು ಕಾರ್ಟಿಲೇಜ್ ಒಳಕ್ಕೆ ಇಳಿದು ಅಲ್ಲಿರುವ ಜೀವಕೋಶಗಳಿಗೆ ಮುಟ್ಟಬೇಕು. ಕಾರ್ಟಿಲೇಜ್ ಒತ್ತಾಗಿ ನೇಯ್ದ ಕಂಬಳಿಯ ಹಾಗೆ, ಸುಲಭಕ್ಕೆ ಏನನ್ನೂ ಒಳಗೆ ಬಿಡಲ್ಲ. ಆದರೆ ಅದಕ್ಕೆ ಋಣ ವಿದ್ಯುತ್ ಗುಣ ಇದೆ. ಹಾಗಾಗಿ ಧನ ವಿದ್ಯುತ್ ಗುಣ ಇರುವ ಕಣಗಳನ್ನು ಅಯಸ್ಕಾಂತದ ಥರ ಎಳೆದುಕೊಳ್ಳುತ್ತೆ.

ಅಮೆರಿಕದ ಎಂಐಟಿ ಸಂಶೋಧಕರು 2018ರಲ್ಲಿ ಇದೇ ಗುಣ ಬಳಸಿ, ಧನ ವಿದ್ಯುತ್ ಇರುವ ಅತಿ ಸಣ್ಣ ಕಣಗಳಿಗೆ ಐಜಿಎಫ್-1 ಅನ್ನೋ ಬೆಳವಣಿಗೆಯ ಪ್ರೋಟೀನ್ ಅಂಟಿಸಿದರು. ಮನುಷ್ಯರಷ್ಟೇ ದಪ್ಪ ಇರುವ ದನದ ಕಾರ್ಟಿಲೇಜ್ ಒಳಗೆ ಅದು ಎರಡು ದಿನದಲ್ಲಿ ಇಳಿಯಿತು. ಹೆಗ್ಗಣ ಜಾತಿಯ ಪ್ರಯೋಗದ ಇಲಿಗಳ ಮಂಡಿಯಲ್ಲಿ ಸುಮಾರು ಒಂದು ತಿಂಗಳು ಉಳಿಯಿತು. ಬೆಂಗಳೂರಿನವರದು ಒಂದು ದಾರಿ, ಅವರದು ಇನ್ನೊಂದು. ಗುರಿ ಮಾತ್ರ ಒಂದೇ: ಒಂದು ಚುಚ್ಚು, ಹೆಚ್ಚು ದಿನದ ಕೆಲಸ.

ನಮಗೆ ಯಾವಾಗ ಸಿಗುತ್ತೆ?

ಟಾಟಾ ಇನ್‌ಸ್ಟಿಟ್ಯೂಟ್‌ನ ಕೆಲಸ ಇಲಿಗಳಲ್ಲಿ ತೋರಿಸಿದ್ದು. ಮಂಡಿ ಸವೆತಕ್ಕೆ ಕೊಡುವ ಔಷಧವಾಗಿ ಅದು ಮೆಡಿಕಲ್ ಸ್ಟೋರ್‌ನಲ್ಲಿ ಸಿಗಲ್ಲ. ಇಲಿಯ ಕಾರ್ಟಿಲೇಜ್ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ತೆಳು. ನಮ್ಮದು ಅದರ ಹತ್ತಾರು ಪಟ್ಟು ದಪ್ಪ. ಇಲಿಗೆ ಬಂದ ಸವೆತ ಕೆಲವು ವಾರದ್ದು, ನಮ್ಮದು ಇಪ್ಪತ್ತು ಮೂವತ್ತು ವರ್ಷದ್ದು. ಇಲಿಯಿಂದ ಮನುಷ್ಯರವರೆಗೆ ಬರುವಷ್ಟರಲ್ಲಿ ಎಷ್ಟೋ ಔಷಧ ಬಿದ್ದುಹೋಗಿವೆ. ಸವೆತವನ್ನೇ ನಿಲ್ಲಿಸುತ್ತೆ ಅಂತ ಒಪ್ಪಿಗೆ ಪಡೆದ ಔಷಧ ಪ್ರಪಂಚದಲ್ಲಿ ಇನ್ನೂ ಒಂದೂ ಇಲ್ಲ.

ಹಾಗಂತ ಇದೆಲ್ಲ ಬರೀ ಪ್ರಯೋಗಾಲಯದ ಕನಸೂ ಅಲ್ಲ. ಇದೇ ಪಿಎಲ್‌ಜಿಎ ಉಂಡೆಯೊಳಗೆ ಟ್ರಯಾಮ್ಸಿನೊಲೋನ್ ತುಂಬಿದ 'ಜಿಲ್‌ರೆಟ್ಟಾ' ಅನ್ನೋ ಇಂಜೆಕ್ಷನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರ ಅಕ್ಟೋಬರ್‌ನಲ್ಲಿ ಮಂಡಿ ಸವೆತದ ನೋವಿಗೆ ಒಪ್ಪಿಗೆ ಕೊಟ್ಟಿತು. 12 ವಾರದ ಹೊತ್ತಿಗೆ ಉಪ್ಪುನೀರಿಗಿಂತ ಅದು ಚೆನ್ನಾಗಿ ಕೆಲಸ ಮಾಡಿತ್ತು. ಶುಗರ್ ಇರುವವರಲ್ಲಿ ಮಾಮೂಲಿ ಸ್ಟೀರಾಯ್ಡ್‌ಗಿಂತ ಕಡಿಮೆ ಶುಗರ್ ಏರಿಸಿತು. ಆದರೆ ನೋವಿನ ಮುಖ್ಯ ಲೆಕ್ಕದಲ್ಲಿ ಮಾಮೂಲಿ ಟ್ರಯಾಮ್ಸಿನೊಲೋನ್‌ಗಿಂತ ಮೇಲು ಅಂತ ಸಾಬೀತಾಗಲಿಲ್ಲ. ಉಂಡೆಯ ವಿಧಾನ ಮನುಷ್ಯರಲ್ಲೂ ನಡೆಯುತ್ತೆ, ಆದರೆ ಒಳಗೆ ತುಂಬುವ ಔಷಧವೂ ಗಟ್ಟಿ ಇರಬೇಕು ಅನ್ನೋದು ಇದರಿಂದ ತಿಳಿಯುತ್ತೆ.

'ಗ್ರೀಸ್ ಇಂಜೆಕ್ಷನ್', ಪಿಆರ್‌ಪಿ ಕಥೆ ಏನು?

ಈಗ ನಮ್ಮ ಕಡೆ ಹೆಚ್ಚು ಕೇಳಿಬರುವುದು ಎರಡು. ಒಂದು ಹೈಲುರಾನಿಕ್ ಆಸಿಡ್, ಜನ ಇದನ್ನು 'ಮಂಡಿಗೆ ಗ್ರೀಸ್' ಅಂತಾರೆ. ಇನ್ನೊಂದು ಪಿಆರ್‌ಪಿ, ಅಂದ್ರೆ ನಮ್ಮದೇ ರಕ್ತ ತೆಗೆದು, ಅದರ ಪ್ಲೇಟ್‌ಲೆಟ್ ಭಾಗ ಬೇರ್ಪಡಿಸಿ ಮಂಡಿಗೆ ಹಾಕೋದು.

ಗ್ರೀಸ್ ಅಂದ ತಕ್ಷಣ ಬೈಕ್ ಚೈನ್ ನೆನಪಾಗುತ್ತೆ. ಆದರೆ ಮಂಡಿ ಹಾಗಲ್ಲ. ಹೈಲುರಾನಿಕ್ ಆಸಿಡ್ ಕೂಡ ಕೀಲಿನೊಳಗೆ ಬಹಳ ದಿನ ಉಳಿಯಲ್ಲ. 2022ರಲ್ಲಿ 'ಬಿಎಂಜೆ' ಪತ್ರಿಕೆ 169 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಪ್ರಕಟಿಸಿತು. ನೋವು ಸ್ವಲ್ಪ ಕಡಿಮೆಯಾಗುತ್ತೆ, ಆದರೆ ರೋಗಿಗೆ ಗೊತ್ತಾಗುವಷ್ಟಲ್ಲ ಅನ್ನೋದು ಅದರ ಸಾರ. ಪಿಆರ್‌ಪಿ ಬಗ್ಗೆ ಆಸ್ಟ್ರೇಲಿಯಾದಲ್ಲಿ 288 ಮಂದಿಯ ಮೇಲೆ ನಡೆದ ಪ್ರಯೋಗ 2021ರಲ್ಲಿ 'ಜಾಮಾ'ದಲ್ಲಿ ಬಂತು. ಒಂದು ವರ್ಷದ ಕೊನೆಗೆ ನೋವಿನಲ್ಲಾಗಲೀ ಕಾರ್ಟಿಲೇಜ್‌ನಲ್ಲಾಗಲೀ ಉಪ್ಪುನೀರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

'ನನಗೆ ಹಿಡಿಯಿತಲ್ಲ' ಅನ್ನುವವರೂ ಇದ್ದಾರೆ, ಅವರು ಸುಳ್ಳು ಹೇಳ್ತಿಲ್ಲ. ಈ ಪ್ರಯೋಗಗಳಲ್ಲಿ ಬರೀ ಉಪ್ಪುನೀರು ಹಾಕಿಸಿಕೊಂಡವರಿಗೂ ನೋವು ಕಡಿಮೆಯಾಗಿದೆ. ಮಂಡಿ ನೋವು ಅಲೆಯ ಹಾಗೆ ಏರುತ್ತೆ, ಇಳಿಯುತ್ತೆ. ಚಿಕಿತ್ಸೆ ಸಿಕ್ಕಿತು ಅನ್ನೋ ಭರವಸೆಯೂ ಕೆಲಸ ಮಾಡುತ್ತೆ. ಆದರೆ ಸಾಲ ಮಾಡಿ ಹಾಕಿಸುವ ಮುಂಚೆ ಈ ಲೆಕ್ಕ ತಿಳಿದಿರಬೇಕು.

ಇಂಜೆಕ್ಷನ್‌ಗೆ ಮುಂಚೆ ಕೇಳಬೇಕಾದ್ದು

ಡಾಕ್ಟರ್‌ಗೆ ಪ್ರಶ್ನೆ ಕೇಳೋಕೆ ಹಿಂಜರಿಯಬೇಡಿ. ಬೇಕಾದರೆ ಮೊಬೈಲ್‌ನಲ್ಲಿ ಬರೆದುಕೊಂಡು ಹೋಗಿ.

1. ಸಿರಿಂಜ್‌ನಲ್ಲಿ ಇರೋದು ಯಾವ ಔಷಧ, ಎಷ್ಟು ಡೋಸ್? ಹೆಸರು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಬೇರೆ ಡಾಕ್ಟರ್‌ಗೆ ತೋರಿಸಲು ಬೇಕಾಗುತ್ತೆ.

2. ಎಷ್ಟು ದಿನ ಆರಾಮ ನಿರೀಕ್ಷಿಸಬಹುದು? ಇದು ನೋವಿಗೆ ಮಾತ್ರವೋ, ಸವೆತಕ್ಕೂ ಏನಾದರೂ ಆಗುತ್ತೋ?

3. ಶುಗರ್ ಇದ್ದರೆ, ಎಷ್ಟು ದಿನ ಹೆಚ್ಚು ಸಲ ಚೆಕ್ ಮಾಡಿಕೊಳ್ಳಬೇಕು?

4. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಸ್ಟೆಂಟ್ ಹಾಕಿಸಿಕೊಂಡವರು ಆ ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

5. ಜ್ವರ, ಮೈಯಲ್ಲಿ ಎಲ್ಲಾದರೂ ಸೋಂಕು, ಮಂಡಿಯ ಮೇಲೆ ಗಾಯ ಇದ್ದರೆ ಆ ದಿನ ಬೇಡ ಅನ್ನಿ.

6. ಮಂಡಿ ಬದಲಿಸುವ ಆಪರೇಷನ್ ಮೂರು ತಿಂಗಳೊಳಗೆ ಮಾಡಿಸುವ ಯೋಚನೆ ಇದ್ದರೆ ಅದನ್ನೂ ಹೇಳಿ. ಹತ್ತಿರದಲ್ಲೇ ಸ್ಟೀರಾಯ್ಡ್ ಹಾಕಿಸಿದ್ದರೆ ಆಪರೇಷನ್ ಆದ ಮೇಲೆ ಸೋಂಕಿನ ಅಪಾಯ ಹೆಚ್ಚು.

ಇಂಜೆಕ್ಷನ್ ಆದ ಮೇಲೆ ಮಂಡಿ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ, ನೋವು ಇಳಿಯುವ ಬದಲು ಏರುತ್ತಿದ್ದರೆ, ನಾಳೆ ನೋಡೋಣ ಅನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎರಡನೇ ಅಭಿಪ್ರಾಯ ಬೇಕಾದವರಿಗೆ ನಮ್ಮ ಭಾಗದಲ್ಲೇ ಸರ್ಕಾರದ ಸಂಜಯ್ ಗಾಂಧಿ ಟ್ರಾಮಾ ಮತ್ತು ಮೂಳೆ ಆಸ್ಪತ್ರೆ ಇದೆ, ಜಯನಗರ ಜನರಲ್ ಆಸ್ಪತ್ರೆಯೂ ಇದೆ.

ಅಲ್ಲಿಯವರೆಗೆ

ತಿಂಗಳುಗಟ್ಟಲೆ ಕೀಲಿನಲ್ಲಿ ನಿಲ್ಲುವ ಔಷಧ ಬರುವವರೆಗೆ ಕೈಯಲ್ಲಿರುವ ಉಪಾಯಗಳು ಸಾಧಾರಣವೇ, ಆದರೆ ಸಾಬೀತಾದವು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಹೊರೆ ತಗ್ಗುತ್ತೆ. ಫಿಸಿಯೋಥೆರಪಿ ಮಾಡುವವರಿಂದ ಒಂದು ಸಲ ಸರಿಯಾಗಿ ಕಲಿತು ದಿನಾ ಮನೆಯಲ್ಲೇ ಮಾಡಬಹುದು. ತೂಕ ಹೆಚ್ಚಿರುವವರು ಒಂದು ಕೆಜಿ ಇಳಿಸಿದರೆ, ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕೆಜಿಯಷ್ಟು ಕಡಿಮೆಯಾಗುತ್ತೆ.

ಅಂಗಡಿಯವರಿಗೆ ಇನ್ನೂ ಸುಲಭದ ಮಾತು: ಗಲ್ಲಾದ ಹಿಂದೆ ಎತ್ತರದ ಸ್ಟೂಲ್ ಇಟ್ಟುಕೊಳ್ಳಿ, ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಮೂಟೆಯನ್ನು ನೆಲದ ಮೇಲಿಡದೆ ಸೊಂಟದ ಎತ್ತರಕ್ಕೆ ಇಡಿ, ಗಂಟೆಗೊಮ್ಮೆ ಐದು ನಿಮಿಷ ಕೂತುಕೊಳ್ಳಿ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗರು, ಹೆಣ್ಣುಮಕ್ಕಳಿಗೂ ಕೂರಲು ಒಂದು ಜಾಗ ಕೊಡಿ. ಅವರ ಮಂಡಿಯೂ ಇದೇ ಕಾರ್ಟಿಲೇಜ್‌ನಿಂದ ಆಗಿದ್ದು.

ಇನ್ನು ಮುಂದೆ ಯಾರಾದರೂ 'ಹೊಸ ಇಂಜೆಕ್ಷನ್ ಬಂದಿದೆ, ಸವೆತವೇ ಹೋಗುತ್ತೆ' ಅಂದರೆ ಮೂರೇ ಮಾತು ಕೇಳಿ: ಕೀಲಿನಲ್ಲಿ ಎಷ್ಟು ದಿನ ನಿಲ್ಲುತ್ತೆ? ಪರೀಕ್ಷೆ ಮಾಡಿದ್ದು ಇಲಿಯ ಮೇಲೋ, ಮನುಷ್ಯರ ಮೇಲೋ? ಉಪ್ಪುನೀರಿನ ಜೊತೆ ಹೋಲಿಸಿ ನೋಡಿದ್ದಾರಾ? ಉತ್ತರ ಸರಿಯಾಗಿ ಬಂದರೆ ಮಾತ್ರ ಜೇಬಿಗೆ ಕೈ ಹಾಕಿ.